ಝಿವಾನನ ಬಾಲದ ಮಣ್ಣು

ಇದು ನಡೆದದ್ದೇ. ಒಂದಕ್ಷರ ಕಟ್ಟಿ ಹೇಳಿದ್ದರೆ ನನ್ನ ನಾಲಗೆ ಚಪ್ಪಲಿಯ ಅಟ್ಟೆಯಾಗಲಿ, ನಾನು ಮುಂದೆ ಕುಡಿಯಲಿರುವ ಪ್ಲಮ್ ಸಾರಾಯಿಯೆಲ್ಲ ಬಾಟಲಿಯಲ್ಲೇ ನೀರಾಗಲಿ. ನಮ್ಮ ಸರ್ಬಿಯಾದ ಗುಡ್ಡಸೀಮೆಯಲ್ಲಿ ಇದಕ್ಕಿಂತ ದೊಡ್ಡ ಆಣೆ ಯಾರೂ ಇಡುವುದಿಲ್ಲ.

"ಲೇ ಬೋಳಿಮಕ್ಳಾ, ಹಣ್ಣಿಗೇನಾರ ತರಚ್ತೋ, ನಿಮ್ ತೊಗಲು ಸುಲ್ದು ಅದಕ್ಕೆ ತೇಪೆ ಹಾಕ್ತೀನಿ," ಎಂದು ರಾದಿಸಾವ್ ಧಣಿ ತನ್ನ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ನಿಂತು ಕೂಗುತ್ತಿದ್ದ.

ಹಣ್ಣು ಎಂದರೆ ತಿನ್ನುವ ಹಣ್ಣಲ್ಲ, ಸಿಮೆಂಟಿನ ರಾಸ್ಬೆರಿ. ಊರಿನ ರಾಸ್ಬೆರಿಯನ್ನೆಲ್ಲ ಕೊಂಡು, ಕಲ್ಲಿನಂತೆ ಹೆಪ್ಪುಗಟ್ಟಿಸಿ, ಹೊರದೇಶಕ್ಕೆ ಕಳಿಸಿ ದೊಡ್ಡವನಾದ ರಾದಿಸಾವ್ ಆ ಹಣ್ಣಿಗೊಂದು ಪ್ರತಿಮೆ ನಿಲ್ಲಿಸಲು ಹೊರಟಿದ್ದ. ಅದು ಎರಡು ಕೋಣಗಳ ಗಾತ್ರವಿತ್ತು. ರಾಸ್ಬೆರಿಯ ಮೈಯೆಲ್ಲ ಪುಟ್ಟ ಪುಟ್ಟ ರಸದ ಕಾಳು, ಇದರಲ್ಲಿ ಒಂದೊಂದು ಕಾಳೂ ಮನುಷ್ಯನ ತಲೆಯಷ್ಟು. ಅದಕ್ಕೆ ಬಣ್ಣ ಹೊಡೆದವನ ಕಣ್ಣಿಗೆ ಮೂರು ದಿನ ಕೆಂಪು ಬಿಟ್ಟು ಬೇರೇನೂ ಕಾಣದೆ, ಹೆಂಡತಿಗೆ ಬೆಂಕಿ ಬಿದ್ದಿದೆ ಎಂದುಕೊಂಡು ಎರಡು ಬಕೆಟ್ ನೀರು ಸುರಿದನಂತೆ.

ಲಾರಿಯಿಂದ ಅದನ್ನಿಳಿಸಲು ಕ್ರೇನ್ ತರಿಸುವುದು ದಂಡ ಎಂದು ಧಣಿ ಊರಾಚೆಯ ಸಿಗಾನ್ ಕೇರಿಯಿಂದ, ಎಂದರೆ ಜಿಪ್ಸಿಗಳ ಕೇರಿಯಿಂದ, ಎಂಟು ಆಳುಗಳನ್ನು ಕರೆಸಿದ್ದ. ಹಗ್ಗದ ಮುಂದಿನ ತುದಿ ಹಿಡಿದವನು ಝಿವಾನ್. ನಲವತ್ತಾರು ವರ್ಷದವನು. ಜೀವ ಇರುವವನು ಎಂದು ಆ ಹೆಸರಿನ ಅರ್ಥ.

"ಧಣಿ, ಹಗ್ಗ ಜಾರ್ತಾ ಐತೆ," ಎಂದ ಝಿವಾನ್.

"ಹಗ್ಗಕ್ಕೇನೂ ಆಗಿಲ್ಲ. ನಿಂಗೆ ಮೈಗಳ್ಳತನ ಕಣ್ಲಾ ಸಿಗಾನ."

ಹಗ್ಗ ಜಾರಿತು. ರಾಸ್ಬೆರಿ ಉರುಳಿ ಬಂದು ಝಿವಾನನನ್ನು ಲಾರಿಯ ಹಿಂಬಾಗಿಲಿಗೆ ಒತ್ತಿ, ಮೊಹರು ಗುದ್ದಿದ ಹಾಗೆ ಗುದ್ದಿ ನಿಂತಿತು. ರಾದಿಸಾವ್ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಬಂದವನು ಹಣ್ಣಿನ ಮೈ ಸವರಿ ನೋಡಿದ. ಒಂದು ಕಾಳು ಉದುರಿತ್ತು. ಆಳುಗಳು ಹಣ್ಣನ್ನು ಹಿಂದಕ್ಕೆ ನೂಕಿದಾಗ ಝಿವಾನ್ ಗೋಣಿಚೀಲದಂತೆ ಕೆಳಗೆ ಜಾರಿದ. ಎದ್ದೇಳು, ಹಣ್ಣಿಗಿಂತ ನೀನೇನು ನಾಜೂಕಲ್ಲ ಎಂದ ಧಣಿ. ಅವನು ಎದ್ದದ್ದು ನಿಜ. ಉದುರಿದ ಕಾಳನ್ನು ಮಡಿಲಲ್ಲಿ ಹಿಡಿದುಕೊಂಡು, ಗಾರೆಯವನು ಅದನ್ನು ಮತ್ತೆ ಅಂಟಿಸುವವರೆಗೆ ಕೂತಿದ್ದು ಆಮೇಲೆ ಮನೆಗೆ ಹೋದ.

ಮರುದಿನವೂ ಕೆಲಸಕ್ಕೆ ಹೋದ. ಹೊಟ್ಟೆನೋವು ಅಂದದ್ದಕ್ಕೆ ಅವನ ಹೆಂಡತಿ ದೆಸಾಂಕಾ, ಬೀನ್ಸ್ ಸಾರು ಹೆಚ್ಚಾಯಿತೇನೋ ಎಂದಳು. ಮೂರನೆಯ ದಿನ ಕುಡಿದ ನೀರೂ ವಾಪಸು ಬಂತು, ಹೊಟ್ಟೆ ತಮಟೆಯಾಯಿತು. ಅವಳು ಅಂಗಿ ಎತ್ತಿ ನೋಡಿದರೆ ಹೊಕ್ಕುಳ ಮೇಲೆ ನೀಲಿಗಟ್ಟಿದ ಉಂಡೆಉಂಡೆ ಗುರುತು. ರಾಸ್ಬೆರಿ ಅಚ್ಚೊತ್ತಿದ ಹಾಗೇ ಇತ್ತು, ತೊಟ್ಟಿನ ಎಲೆ ಸಮೇತ.

ಧಣಿಯ ಕಾರು ಕೇಳಲು ದೆಸಾಂಕಾ ಓಡಿದಳು. ಅವನು ಕಾರು ಕೊಡಲಿಲ್ಲ, ಒಂದು ಲಕೋಟೆ ಕೊಟ್ಟ. ಇದನ್ನು ಆಸ್ಪತ್ರೆಯಲ್ಲಿ ತೋರಿಸು, ಎಲ್ಲ ಸಲೀಸಾಗುತ್ತದೆ ಎಂದ. ಓದು ಬಾರದ ದೆಸಾಂಕಾ ಅವನ ಕೈಗೆ ಮುತ್ತಿಟ್ಟು, ಲಕೋಟೆಯನ್ನು ರವಿಕೆಯಲ್ಲಿ ಸಿಕ್ಕಿಸಿಕೊಂಡು, ಗಂಡನನ್ನು ಹಾಲಿನ ವ್ಯಾನಿನಲ್ಲಿ ಮಲಗಿಸಿ ಜಿಲ್ಲಾ ಆಸ್ಪತ್ರೆಗೆ ಒಯ್ದಳು. ಒಳಗೆ ಬರೆದಿದ್ದದ್ದು ಇಷ್ಟು: ಈ ಆಳು ತನ್ನ ಹಿತ್ತಲಿನ ಪ್ಲಮ್ ಮರದಿಂದ ಹಣ್ಣು ಕೀಳುವಾಗ ಬಿದ್ದಿದ್ದಾನೆ. ಅದು ಏಪ್ರಿಲ್ ತಿಂಗಳು, ಪ್ಲಮ್ ಮರದಲ್ಲಿ ಹೂವೇ ಇನ್ನೂ ಉದುರಿರಲಿಲ್ಲ. ಝಿವಾನನಿಗೆ ಹಿತ್ತಲೂ ಇರಲಿಲ್ಲ. ಗುಮಾಸ್ತ ಅದನ್ನು ಹಾಗೇ ಮೊದಲ ಪುಟಕ್ಕೆ ಇಳಿಸಿಕೊಂಡ.

ಕೊಯ್ಯುವ ಡಾಕ್ಟರಮ್ಮನ ಹೆಸರು ನೆವೆಂಕಾ. ಎರಡು ದಿನದಿಂದ ಮಲಗಿರಲಿಲ್ಲ. ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದಳು, ಗೊರಕೆಯ ನಡುವೆಯೂ ನರ್ಸಿಗೆ ಸರಿಯಾದ ಔಷಧವನ್ನೇ ಹೇಳುತ್ತಿದ್ದಳು. ಝಿವಾನನ ಹೊಟ್ಟೆಯ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದವಳಿಗೆ ನಿದ್ದೆ ಹಾರಿಹೋಯಿತು.

"ಗುಶ್ಟೆರಾಚಾ ತುಂಡಾಗಿದೆ," ಎಂದಳು.

ಗುಶ್ಟೆರ್ ಎಂದರೆ ನಮ್ಮಲ್ಲಿ ಹಲ್ಲಿ. ಜಠರದ ಹಿಂದೆ ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿ, ಉಂಡದ್ದನ್ನು ಅರಗಿಸುವ, ಮೈಯ ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡುವ ಆ ಮೇದೋಜೀರಕ ಗ್ರಂಥಿಗೆ ನಮ್ಮ ಭಾಷೆ ಹಲ್ಲಿಯ ಹೆಸರಿಟ್ಟಿದೆ. ಡಾಕ್ಟರುಗಳೂ ಅದಕ್ಕೆ ತಲೆ, ಕತ್ತು, ಮೈ, ಬಾಲ ಎಂದೇ ಹೇಳುತ್ತಾರೆ. ಹೆಸರಿಟ್ಟ ಪುಣ್ಯಾತ್ಮ ಯಾರೋ, ಅದರಿಂದ ಮುಂದೆ ಆದ ರಗಳೆ ನೋಡಿದ್ದರೆ ಕಪ್ಪೆ ಎಂದಾದರೂ ಕರೆದಿರುತ್ತಿದ್ದ.

"ನೋಡಮ್ಮಾ, ಮುಂದಿನಿಂದ ಏನೋ ಒತ್ತಿದೆ, ಹಿಂದಿನಿಂದ ಬೆನ್ನುಮೂಳೆ ಒತ್ತಿದೆ. ಕತ್ತಿನ ಹತ್ರ ಎರಡು ಹೋಳು. ಒಳಗಿನ ನಾಳ ಉಳಿದಿದ್ರೆ ನಾನು ಚಾಕೂನೇ ಮುಟ್ತಿರ್ಲಿಲ್ಲ, ಒಂದು ಕೊಳವೆ ಇಟ್ಟು ಕಾಯ್ತಿದ್ದೆ. ಇವರ ನಾಳಾನೇ ಹರಿದಿದೆ. ರಸ ಸೋರಿ ಇವರನ್ನೇ ಅರಗಿಸ್ತಾ ಇದೆ."

"ಹಂಗಾರೆ ಹೊಲಿದ್ಬುಡಿ ತಾಯಿ," ಎಂದಳು ದೆಸಾಂಕಾ.

ಬಾಲದ ಹೋಳನ್ನು ಉಳಿಸಿ ಕರುಳಿಗೆ ಹೊಲಿಯುವ ದಾರಿಯೂ ಇದೆ, ಹಾಗಾದರೆ ಸಕ್ಕರೆ ಕಾಯಿಲೆ ತಪ್ಪಬಹುದು ಎಂದಳು ನೆವೆಂಕಾ. ಆದರೆ ಮೂರು ದಿನ ಕೊಳೆತ ಹೊಟ್ಟೆಯಲ್ಲಿ ಆ ಹೊಲಿಗೆ ನಿಲ್ಲುವುದಿಲ್ಲ. ತಲೆಯೇ ಜಜ್ಜಿಹೋಗಿದ್ದರೆ ಅದರ ಜೊತೆ ಕರುಳಿನ ಮೊದಲ ಸುತ್ತು, ಪಿತ್ತದ ಚೀಲ ಎಲ್ಲ ಕಿತ್ತು ಒಳಗಿನ ಕೊಳಾಯಿಯನ್ನೇ ಹೊಸದಾಗಿ ಎಳೆಯಬೇಕಿತ್ತು, ಇಷ್ಟು ಸೋತ ಮೈ ಅದನ್ನು ತಾಳುತ್ತಿರಲಿಲ್ಲ. ಪುಣ್ಯಕ್ಕೆ ತಲೆ ನೆಟ್ಟಗಿದೆ. ಹಾಗಾಗಿ ಉಳಿದದ್ದು ಬಾಲದ ಕಡೆಯ ಅರ್ಧವನ್ನು ಕೊಯ್ದು ತೆಗೆಯುವುದು. ಅದಕ್ಕೆ ಅಂಟಿಕೊಂಡು, ಮೈಯನ್ನು ಸೋಂಕಿನಿಂದ ಕಾಯುವ ಗುಲ್ಮವೂ ಹೋದರೆ ಹೋಯಿತು.

"ತೆಗೀರಿ ತಾಯಿ," ಎಂದು ಝಿವಾನ್ ಹಾಸಿಗೆಯಿಂದಲೇ ನರಳಿದ. "ಹಲ್ಲಿ ಬಾಲ ತಾನೆ. ಮತ್ತೆ ಬತ್ತದೆ."

"ಇದು ಬರಲ್ಲಪ್ಪ. ಈ ಹಲ್ಲಿಗೆ ಬಾಲ ಒಂದೇ ಸಲ."

ಪ್ಲಮ್ ಮರದಿಂದ ಬಿದ್ದವನ ಹೊಟ್ಟೆಯ ಮೇಲೆ ರಾಸ್ಬೆರಿಯ ಅಚ್ಚು ಹೇಗೆ ಬಂತು ಎಂದೂ ಅವಳು ಕೇಳಿದಳು. ಲಕೋಟೆಯಲ್ಲಿ ತಾನು ಹೊತ್ತು ತಂದದ್ದೇನು ಎಂಬುದು ದೆಸಾಂಕಾಳಿಗೆ ಗೊತ್ತಾದದ್ದು ಆಗಲೇ. ಅವಳು ಅಳಲಿಲ್ಲ. ಮುತ್ತಿಟ್ಟ ತುಟಿಯನ್ನು ತಲೆವಸ್ತ್ರದ ತುದಿಯಿಂದ ಗಸಗಸ ಒರೆಸಿಕೊಂಡು ನಡೆದದ್ದನ್ನು ಹೇಳಿದಳು. ನೆವೆಂಕಾ ಅದನ್ನು ನಾಲ್ಕನೆಯ ಪುಟದಲ್ಲಿ ಬರೆದಳು. ಸರ್ಕಾರದ ಕಡತದಲ್ಲಿ ನಾಲ್ಕನೆಯ ಪುಟವನ್ನು ಇಲಿಗಳು ಮಾತ್ರ ತಿರುವಿ ಹಾಕುತ್ತವೆ.

ಕೊಯ್ದದ್ದು ಐದು ಗಂಟೆ, ಮಾಯಲು ಹಿಡಿದದ್ದು ಒಂದು ಬೇಸಿಗೆ. ಬಾಲದ ಜೊತೆ ಗುಲ್ಮವೂ ಹೋಯಿತು. ಕೊಯ್ದ ತುದಿ ಸೋರುವುದನ್ನು ನಿಲ್ಲಿಸಲಿಲ್ಲ. ಪಕ್ಕೆಯಿಂದ ಹೊರಬಂದ ಕೊಳವೆಯ ತುದಿಗೆ ಕಟ್ಟಿದ ಚೀಲ ಏಳು ವಾರ ದಿನಾ ತುಂಬಿತು. ಆ ರಸ ಎಂಥದ್ದೆಂದರೆ, ಒಂದು ಹನಿ ಬಿದ್ದು ನರ್ಸಿನ ಬೂಟು ಅರಗಿಹೋಗಿ ಹೆಬ್ಬೆರಳು ಹೊರಗಿಣುಕಿತು. ನೀವು ನಗುತ್ತೀರಿ. ಝಿವಾನನ ಪಕ್ಕೆಯ ಚರ್ಮ ಬೆಂದ ಟೊಮೇಟೊ ಸಿಪ್ಪೆಯ ಹಾಗೆ ಎದ್ದು ಬಂದಾಗ ದಿನಕ್ಕೆ ಆರು ಸಲ ಮುಲಾಮು ಬಳಿದವಳು ದೆಸಾಂಕಾ, ಅವಳು ನಗಲಿಲ್ಲ. ಬಾಯಿಗೆ ಏನೂ ಕೊಡುವಂತಿರಲಿಲ್ಲ. ಮೂಗಿನಿಂದ ಕರುಳಿಗಿಳಿದ ಸಣ್ಣ ನಳಿಕೆಯಲ್ಲಿ ಹಾಲಿನಂಥದ್ದೇನೋ ಇಳಿಯುತ್ತಿತ್ತು. ಹೊತ್ತು ಕಳೆಯಲು ಅವನು ಪಕ್ಕದ ಹಾಸಿಗೆಯವನಿಗೆ ಸುಟ್ಟ ಹಂದಿಯನ್ನು ವರ್ಣಿಸುತ್ತಿದ್ದ. ಕೇಳಿ ಕೇಳಿ ಆ ಮನುಷ್ಯ ನಾಲ್ಕು ಕಿಲೋ ದಪ್ಪಗಾದ.

ಸೋರುವುದು ನಿಂತಿತು ಎನ್ನುವಾಗ ಒಳಗೊಂದು ನೀರುಗುಳ್ಳೆ ಕಟ್ಟಿತು. ಬಾಯಿಯಿಂದ ಕೊಳವೆ ಇಳಿಸಿ, ಜಠರದ ಗೋಡೆಗೆ ಕಿಂಡಿ ಕೊರೆದು ಅದನ್ನೂ ಬಸಿದರು. ಗುಲ್ಮವಿಲ್ಲದವನಿಗೆ ಸಣ್ಣ ಜ್ವರವೂ ಕುತ್ತಿಗೆಗೆ ಬರುತ್ತದೆ ಎಂದು ಲಸಿಕೆ ಚುಚ್ಚಿದರು. ಮನೆಗೆ ಕಳಿಸುವಾಗ ನೆವೆಂಕಾ ದೆಸಾಂಕಾಳ ಬಾಯಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಿಸಿದಳು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಊಟ. ಸಾರಾಯಿ ಸಾಯುವತನಕ ಇಲ್ಲ. ಭಾರ ಎತ್ತುವಂತಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳಬೇಕು. ತಿನ್ನುವಾಗಲೆಲ್ಲ ಮಾತ್ರೆ ನುಂಗಬೇಕು, ಇಲ್ಲವಾದರೆ ತಿಂದದ್ದು ಎಣ್ಣೆಯಾಗಿ ತೇಲಿಹೋಗುತ್ತದೆ, ಮೈಗೆ ಹತ್ತುವುದಿಲ್ಲ, ಮನುಷ್ಯ ತಟ್ಟೆಯ ಮುಂದೆ ಕೂತೇ ಉಪವಾಸ ಸಾಯುತ್ತಾನೆ.

ಆ ಮಾತ್ರೆಯೊಳಗೆ ಇರುವುದು ಹಂದಿಯ ಗುಶ್ಟೆರಾಚಾದ ಪುಡಿ. ಊರಿಗೆ ಇದು ಗೊತ್ತಾಗಿ, ಉಪವಾಸದ ದಿನ ಪಾದ್ರಿ ಗವ್ರಿಲೊ ಇಗರ್ಜಿಯ ಬಾಗಿಲಲ್ಲೇ ಝಿವಾನನನ್ನು ತಡೆದರು.

"ದೇವರ ಉಪವಾಸದಲ್ಲಿ ಹಂದಿ ತಿಂತೀಯೇನೋ?"

"ತಿನ್ನಕಿಲ್ಲ ಸ್ವಾಮಿ, ನುಂಗ್ತೀನಿ. ಹಲ್ಲಿಗೆ ತಾಗ್ಸಕಿಲ್ಲ."

ಪಾದ್ರಿ ಅವನನ್ನು ಹೊರಗೇ ನಿಲ್ಲಿಸಿದರು. ಅವನಿಗೆ ಅದೇನೂ ಹೊಸದಲ್ಲ. ಸಿಗಾನ್ ಕೇರಿಯವರು ಅಲ್ಲಿ ಮೊದಲಿನಿಂದಲೂ ಬಾಗಿಲ ಹಿಂದೆಯೇ ನಿಲ್ಲುವವರು.

ಮಾತ್ರೆ ಜೀವ ಇರುವವರೆಗೂ ಸಿಗಬೇಕಾದರೆ, ಆಳನ್ನು ಭಾರದ ಕೆಲಸದಿಂದ ಬಿಡಿಸಬೇಕಾದರೆ, ಪಟ್ಟಣದ ವೈದ್ಯರ ಕಮಿಷನ್ನು ಒಂದು ಕಾಗದ ಕೊಡಬೇಕು. ನಷ್ಟ ಕಾಯಂ, ಪೆಟ್ಟು ಬಿದ್ದದ್ದು ಕೆಲಸದಲ್ಲಿ ಎಂಬ ಎರಡು ಸಾಲು. ಆ ಎರಡು ಸಾಲಿಗಾಗಿ ಸೆಪ್ಟೆಂಬರಿನಲ್ಲಿ ದೆಸಾಂಕಾ ಗಂಡನನ್ನು ಕಮಿಷನ್ನಿನ ಮುಂದೆ ನಿಲ್ಲಿಸಿದಳು. ಕಮಿಷನ್ನಿನ ಅಧ್ಯಕ್ಷ ಡಾಕ್ಟರ್ ಬೊರಿವೊಯ್. ಅವನು ರಾದಿಸಾವನ ಕೂಮ್, ಎಂದರೆ ಮದುವೆಯಲ್ಲಿ ಪಕ್ಕಕ್ಕೆ ನಿಂತು ಮದುಮಗನ ತಲೆಯ ಮೇಲೆ ಕಿರೀಟ ಹಿಡಿದವನು. ನಮ್ಮಲ್ಲಿ ಒಡಹುಟ್ಟಿದವನ ಮಾತು ಮೀರಿದರೂ ಕೂಮನ ಮಾತು ಮೀರುವುದಿಲ್ಲ.

ಬೊರಿವೊಯ್ ಮೊದಲ ಪುಟ ಓದಿ ಪ್ಲಮ್ ಮರ ಎಂದ. ಡಾಕ್ಟರಮ್ಮನ ಚೀಟಿ ಓದಿದ. ಗುಶ್ಟೆರಾಚಾದ ಬಾಲ ತೆಗೆಯಲಾಗಿದೆ ಎಂಬಲ್ಲಿಗೆ ಬಂದಾಗ ಅವನಿಗೆ ನಗು ಬಂತು.

"ಹಲ್ಲಿ ಬಾಲ ತಾನೇನಯ್ಯಾ? ಆರು ತಿಂಗಳಲ್ಲಿ ಹೊಸದು ಬರುತ್ತೆ. ಬಂದ ಮೇಲೆ ನೋಡೋಣ."

ಅಂದದ್ದು ತಮಾಷೆಗೆ. ಆದರೆ ಅಲ್ಲಿನ ಟೈಪಿಸ್ಟು ಇಪ್ಪತ್ತು ವರ್ಷದಿಂದ ಕಿವಿಗೆ ಬಿದ್ದದ್ದನ್ನು ಬೆರಳಿಗೆ ದಾಟಿಸುವವಳು, ನಡುವೆ ತಲೆಗೆ ಕೆಲಸ ಕೊಡುವವಳಲ್ಲ. ಅಧ್ಯಕ್ಷ ಕೆಮ್ಮಿದರೆ ಕೆಮ್ಮನ್ನೂ ಟೈಪ್ ಮಾಡುತ್ತಿದ್ದಳು. ಇದನ್ನೂ ಮಾಡಿದಳು. ಬೊರಿವೊಯ್ ಓದದೆ ರುಜು ಹಾಕಿದ, ಜವಾನ ಮೊಹರು ಒತ್ತಿದ. ಹೊರಗೆ ಬಂದು ದೆಸಾಂಕಾ ಅದನ್ನು ಜವಾನನಿಂದಲೇ ಓದಿಸಿಕೊಂಡಳು. ಬಾಲ ಬೆಳೆಯುವವರೆಗೆ ನಷ್ಟ ತಾತ್ಕಾಲಿಕ, ಮಾತ್ರೆ ಆರು ತಿಂಗಳಿಗೆ ಮಾತ್ರ, ಎಂದಿತ್ತು.

ಅವಳು ಕಾಗದ ಹಿಡಿದು ಮತ್ತೆ ಒಳಗೆ ನುಗ್ಗಿದಳು. ಬೊರಿವೊಯ್ ಓದಿ ಬಿಳಿಚಿಕೊಂಡ. ಆಮೇಲೆ ಅವನ ಕಣ್ಣು ಮೊಹರಿನ ಮೇಲೆ ಬಿತ್ತು. ತಿದ್ದಬೇಕಾದರೆ ಕಮಿಷನ್ನಿನಲ್ಲಿ ಕೂತು ತಮಾಷೆ ಮಾಡಿದೆ ಎಂದು ತಾನೇ ಬರೆದುಕೊಡಬೇಕು. ಅವನು ಕನ್ನಡಕ ಒರೆಸಿಕೊಂಡ.

"ಸರ್ಕಾರ ತಮಾಷೆ ಮಾಡಲ್ಲಮ್ಮ. ಬೆಳೆಯುತ್ತೆ ಅಂತ ಬರೆದಿದೆ ಅಂದ್ರೆ ಬೆಳೆಯುತ್ತೆ."

ರಾದಿಸಾವನಿಗೆ ಈ ಕಾಗದ ಜೇನು ಸವರಿದ ರೊಟ್ಟಿಯಾಯಿತು. ಕೆಲಸ ಮಾಡಿದರೆ ಬಾಲ ಬೇಗ ಬೆಳೆಯುತ್ತದೆ ಎಂದು ಝಿವಾನನನ್ನು ಹೆಪ್ಪುಗಟ್ಟಿದ ಹಣ್ಣಿನ ಪೆಟ್ಟಿಗೆ ಹೊರಲು ಹಚ್ಚಿದ. ಬರದಿದ್ದರೆ ಕೇರಿಯ ಯಾರಿಗೂ ಹಣ್ಣು ಬಿಡಿಸುವ ಕೆಲಸವಿಲ್ಲ ಎಂದೂ ಸೇರಿಸಿದ.

ಅಕ್ಟೋಬರಿನ ಕೊನೆಗೆ ರಾದಿಸಾವನ ಮನೆದೇವರು ಸಂತ ಲೂಕನ ಹಬ್ಬ. ಅಂಗಳದಲ್ಲಿ ನಲವತ್ತು ಮಂದಿ ನೆಂಟರು, ಮಧ್ಯದಲ್ಲಿ ಕೂಮ್ ಬೊರಿವೊಯ್. ಬೆಂಕಿಯ ಮುಂದೆ ಹಂದಿಯ ಸಲಾಕೆ ತಿರುಗಿಸಲು ಝಿವಾನ್, ಹಿಂದೆ ತಟ್ಟೆ ತೊಳೆಯಲು ದೆಸಾಂಕಾ. ಎರಡು ಲೋಟ ಒಳಗಿಳಿದ ಮೇಲೆ ಧಣಿ ಝಿವಾನನನ್ನು ಮೇಜಿನ ಹತ್ತಿರ ಕರೆದು, ಬಾಲ ಎಷ್ಟುದ್ದ ಬಂತು ಕೂಮನಿಗೆ ತೋರಿಸು ಎಂದು ಫೋರ್ಕಿನ ತುದಿಯಿಂದ ಅಂಗಿ ಎತ್ತಿದ. ಎದೆಯಿಂದ ಹೊಕ್ಕುಳದವರೆಗೆ ಕಂಬಳಿಹುಳ ಹರಿದಂಥ ಗಾಯದ ಗೆರೆ. ಒಬ್ಬಳು ಹೆಂಗಸು ಮುಖ ತಿರುಗಿಸಿದಳು, ಉಳಿದವರು ನಕ್ಕರು. ಧಣಿ ತುಂಬಿದ ಸಾರಾಯಿ ಲೋಟವನ್ನು ಅವನ ಕೈಗಿತ್ತ.

"ನಮ್ ದೇವ್ರ ಹೆಸ್ರಲ್ಲಿ ಕುಡಿ. ಕುಡಿದ್ರೆ ನೀನು ಗಟ್ಟಿಮುಟ್ಟು ಅಂತ ಕೂಮ್ ಇಲ್ಲೇ ಬರ್ಕೊಡ್ತಾನೆ. ಕುಡೀನಿಲ್ವೋ, ಸಂತನಿಗೆ ಅವಮಾನ ಮಾಡ್ದೆ ಅಂತ ನಾಯಿ ಛೂ ಬಿಡ್ತೀನಿ. ಯಾವ್ದು ಬೇಕು ನೋಡ್ಕೊ."

ಝಿವಾನ್ ಲೋಟವನ್ನೇ ನೋಡುತ್ತ ನಿಂತ. ಒಂದು ಕಾಲದಲ್ಲಿ ಅವನು ಆ ವಾಸನೆಗೇ ಎರಡು ಹಾಡು ಹಾಡುತ್ತಿದ್ದವನು. ಮೆಲ್ಲಗೆ ಬಗ್ಗಿ, ಲೋಟವನ್ನು ನೆಲಕ್ಕೆ ಸುರಿದ.

"ಸತ್ತೋರ ಪಾಲು ಇದು," ಎಂದ. "ನನ್ ಬಾಲಕ್ಕೆ. ದೇವರು ಅದನ್ನ ಕ್ಷಮಿಸ್ಲಿ."

ನಮ್ಮಲ್ಲಿ ಯಾರಾದರೂ ಸತ್ತವರಿಗೆಂದು ನೆಲಕ್ಕೆ ಸುರಿದರೆ ಕೇಳಿದವರ ಬಾಯಿ ತಾನಾಗಿ ಆಡುತ್ತದೆ. ದೇವರು ಕ್ಷಮಿಸಲಿ ಎಂದು ನಲವತ್ತು ಮಂದಿಯೂ ಹಂದಿ ಅಗಿಯುತ್ತಲೇ ಗೊಣಗಿದರು. ರಾದಿಸಾವನ ಮುದಿ ತಾಯಿ ಶಿಲುಬೆ ಗೀರಿಕೊಂಡು, ಎಷ್ಟು ವಯಸ್ಸಾಗಿತ್ತೋ ಪಾಪ ಎಂದು ಕಣ್ಣೊರೆಸಿಕೊಂಡಳು. ಬೊರಿವೊಯ್‌ನ ಬಾಯಿಯಲ್ಲಿ ಮೂಳೆಯಿತ್ತು, ಅವನು ಅಂದನೋ ಇಲ್ಲವೋ ತಿಳಿಯಲಿಲ್ಲ. ರಾದಿಸಾವನೊಬ್ಬನೇ ಬಾಯಿ ಬಿಗಿಹಿಡಿದದ್ದು. ಆಮೇಲೆ ಅವನು ನಾಯಿ ಬಿಟ್ಟದ್ದೂ ನಿಜ. ಆದರೆ ನಾಯಿ ದಿನಾ ಝಿವಾನನ ಕೈಯಿಂದಲೇ ತಿನ್ನುವಂಥದ್ದು, ಅವನ ಜೊತೆ ಕೇರಿಯವರೆಗೆ ನಡೆದು ಹೋಯಿತು.

ತಟ್ಟೆ ತೊಳೆಯುತ್ತಿದ್ದ ದೆಸಾಂಕಾ ಮಾತ್ರ ಬಕೆಟ್ಟಿನ ಮುಂದೆ ಕೂತೇ ಇದ್ದಳು. ನಲವತ್ತು ಬಾಯಿ ಒಪ್ಪಿದೆ. ಸತ್ತಿದೆ ಎಂದಾದ ಮೇಲೆ ಅದು ಬೆಳೆಯುವುದು ಹೇಗೆ ಎಂದು ಯೋಚಿಸುತ್ತಿದ್ದಳು.

ಮಾರ್ಚಿನಲ್ಲಿ ಎರಡನೆಯ ಸಲ ಕಮಿಷನ್ನು. ಬೊರಿವೊಯ್ ಅವಳ ಮುಖ ನೋಡದೆ ಝಿವಾನನ ಹೊಟ್ಟೆಯನ್ನು ಅಲ್ಲಿ ಇಲ್ಲಿ ಒತ್ತಿ, ಬೆಳವಣಿಗೆ ನಿಧಾನ, ರೋಗಿ ಸಹಕರಿಸುತ್ತಿಲ್ಲ ಎಂದು ಬರೆಸಿದ. ಇಷ್ಟರಲ್ಲಿ ಬಾಲ ಅರ್ಧವಾದರೂ ಬಂದಿರಬೇಕೆಂದು ಮಾತ್ರೆಯನ್ನೂ ಅರ್ಧಕ್ಕಿಳಿಸಿದ. ಜೂನಿನಲ್ಲಿ, ಒಂದು ಗುರುವಾರ, ಕೊನೆಯ ತಪಾಸಣೆ. ಅಂದು ಕಡತ ಮುಚ್ಚುತ್ತದೆ, ಮಾತ್ರೆ ನಿಲ್ಲುತ್ತದೆ, ಆಳು ಭಾರಕ್ಕೆ ಯೋಗ್ಯ ಎಂದಾಗುತ್ತದೆ.

ಅರ್ಧ ಮಾತ್ರೆಯಲ್ಲಿ ಝಿವಾನ್ ಅರ್ಧ ಮನುಷ್ಯನಾದ. ದೆಸಾಂಕಾ ಉಣಿಸಿದ್ದು ಉಣಿಸಿದ ಹಾಗೇ ಹೋಗುತ್ತಿತ್ತು. ಗಾಳಿ ಬೀಸಿದ ದಿನ ಅವನು ಜೇಬಿನಲ್ಲಿ ಕಲ್ಲಿಟ್ಟುಕೊಂಡು ನಡೆಯುತ್ತಿದ್ದ. ಮೇ ತಿಂಗಳಲ್ಲಿ ಪೆಟ್ಟಿಗೆ ಹೊತ್ತವನು ಕೋಲ್ಡ್ ಸ್ಟೋರೇಜಿನೊಳಗೆ ಸಕ್ಕರೆ ಇಳಿದು ಬಿದ್ದ. ಎತ್ತಿ ತಂದವರು, ಮೀಸೆಯ ಮೇಲೆ ಮಂಜು ಕಟ್ಟಿತ್ತು ಕಣಕ್ಕಾ ಎಂದು ದೆಸಾಂಕಾಳಿಗೆ ಹೇಳಿದರು.

"ನನ್ನ ಬಾಯಿಗೆ ಸಕ್ರೆ ಹಾಕ್ದೋಳು ನೀನೇನಾ?" ಎಂದು ಅವನು ಕಣ್ಣು ಬಿಟ್ಟು ಕೇಳಿದ.

"ಇನ್ಯಾವಳು ಹಾಕ್ತಾಳೆ ನಿಂಗೆ, ಮುದ್ಕ?"

"ಮುಂದಿನ್ ಸಲ ಹಾಕ್ಬ್ಯಾಡ ಬುಡು. ಸಾಕಾಗೈತೆ."

ಅಂದು ಅವಳು ಕಮಿಷನ್ನಿನ ಕಾಗದವನ್ನಲ್ಲ, ಆಸ್ಪತ್ರೆಯ ಫಿಲ್ಮನ್ನು ಕಂಕುಳಲ್ಲಿಟ್ಟುಕೊಂಡು ಪಟ್ಟಣದ ಮುದ್ರಣದಂಗಡಿಗೆ ಹೋದಳು. ನಮ್ಮಲ್ಲಿ ಯಾರಾದರೂ ಸತ್ತರೆ ಕಪ್ಪು ಅಂಚಿನ ಚೀಟಿಯಲ್ಲಿ ಫೋಟೋ ಹಾಕಿ, ಎಲ್ಲಿ ಹೇಗೆ ತೀರಿಕೊಂಡರು, ಮಣ್ಣು ಯಾವಾಗ ಎಂದು ಅಚ್ಚು ಮಾಡಿಸಿ, ಊರಿನ ಕಂಬ ಕಂಬಕ್ಕೂ ಅಂಟಿಸುತ್ತಾರೆ. ಓದು ಬಾರದವರಿಗೂ ಆ ಕಪ್ಪು ಅಂಚು ಗೊತ್ತು. ಅಂಗಡಿಯವನು ಯಾರು ಹೋದದ್ದು ಎಂದ. ಬಾಲ ಎಂದಳು. ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಫೋಟೋ ಇದೆಯೇ ಎಂದ. ಅವಳು ಫಿಲ್ಮ್ ಕೊಟ್ಟಳು. ಜೂನಿನ ಆ ಗುರುವಾರಕ್ಕೆ ಇನ್ನು ಮೂರೇ ದಿನ ಎನ್ನುವಾಗ, ಸೋಮವಾರ ಬೆಳಿಗ್ಗೆ ಊರೆದ್ದು ನೋಡಿದರೆ ಇಗರ್ಜಿಯ ಬಾಗಿಲು, ಬಸ್ ನಿಲ್ದಾಣ, ರಾದಿಸಾವನ ಗೇಟು, ಎಲ್ಲ ಕಡೆ ಒಂದೇ ಚೀಟಿ:

ನಮ್ಮ ಪ್ರೀತಿಯ ಬಾಲ, ಝಿವಾನನ ಗುಶ್ಟೆರಾಚಾದ ತುದಿ, ನಲವತ್ತಾರು ವರ್ಷ ಒಂದು ದಿನವೂ ರಜೆ ಕೇಳದೆ ದುಡಿದು, ರಾದಿಸಾವನ ಅಂಗಳದಲ್ಲಿ, ಸಿಮೆಂಟಿನ ರಾಸ್ಬೆರಿಯ ಕೆಳಗೆ, ಕೆಲಸದ ಹೊತ್ತಿನಲ್ಲಿ ತೀರಿಕೊಂಡಿತು. ಮಣ್ಣು ಬುಧವಾರ ಬೆಳಿಗ್ಗೆ ಹತ್ತಕ್ಕೆ. ದುಃಖದಲ್ಲಿರುವವರು: ತಲೆ, ಹೆಂಡತಿ ದೆಸಾಂಕಾ, ಹಣ್ಣು ಬಿಡಿಸುವ ನಲವತ್ತು ಹೆಂಗಸರು.

ರಾದಿಸಾವ್ ಓದಿ ಬೆವರಿದ. ಕಿತ್ತು ಬಿಸಾಡಲು ಕೈ ಎತ್ತಿದ ಅವನನ್ನು ತಾಯಿಯೇ ತಡೆದಳು. ಸಾವಿನ ಚೀಟಿ ಹರಿದವನ ಫೋಟೋ ಮುಂದಿನ ಚೀಟಿಯಲ್ಲಿ ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅವನು ಪಾದ್ರಿಯ ಬಳಿಗೆ ಓಡಿದ. ಪಾದ್ರಿ ಗವ್ರಿಲೊ ದೆಸಾಂಕಾಳನ್ನು ಕರೆಸಿ, ತುಂಡಿಗೆಲ್ಲ ಮಣ್ಣು ಮಾಡುವುದು ಶಾಸ್ತ್ರದಲ್ಲಿಲ್ಲ ಎಂದರು.

"ಧಣಿ ಅಪ್ಪನ ಕಾಲು ಕೊಯ್ದಾಗ ನೀವೇ ಗಂಟೆ ಹೊಡ್ದು ಹೂತ್ರಲ್ಲ ಸ್ವಾಮಿ. ಆ ಕಾಲಿಗೆ ಅಮೃತಶಿಲೆ ಗೋರಿ ಐತೆ. ಮೇಲೆ ಬೂಟು ಕೆತ್ತವ್ರೆ."

"ಅದು ದೊಡ್ಡವರ ಕಾಲಮ್ಮ."

"ಇದು ಬಡವ್ರ ಬಾಲ. ನೀವು ಬರ್ದಿದ್ರೆ ನಮ್ಮೋರೇ ತುತ್ತೂರಿ ಊದ್ತಾರೆ, ಬುಡಿ."

ಬುಧವಾರ ಬಂತು. ಆ ವರ್ಷದ ರಾಸ್ಬೆರಿಯೆಲ್ಲ ಮಾತಾಡಿಕೊಂಡ ಹಾಗೆ ಅದೇ ದಿನ ಹಣ್ಣಾಗಿ ತೂಗುತ್ತಿತ್ತು. ರಾಸ್ಬೆರಿ ಗಿಡದ ಮೇಲೆ ಒಂದು ಹಗಲು ಕಾಯುತ್ತದೆ, ಎರಡನೆಯದಕ್ಕೆ ಕಾಯುವುದಿಲ್ಲ. ಆದರೆ ಚೀಟಿ ಅಂಟಿಸಿದ ಸಾವಿಗೆ ಹೋಗುವವರನ್ನು ತಡೆಯುವ ಧಣಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಲವತ್ತು ಹೆಂಗಸರು ತಲೆಗೆ ಕಪ್ಪು ವಸ್ತ್ರ ಕಟ್ಟಿ, ಬುಟ್ಟಿಗಳನ್ನು ಬೋರಲು ಹಾಕಿ, ತುತ್ತೂರಿಯವರ ಹಿಂದೆ ನಡೆದರು. ಝಿವಾನ್ ತಾನೇ ಪುಟ್ಟ ಶವಪೆಟ್ಟಿಗೆ ಹಿಡಿದಿದ್ದ. ಬಾಲವನ್ನು ಆಸ್ಪತ್ರೆಯವರು ಎಂದೋ ಸುಟ್ಟಿದ್ದರು, ಆದ್ದರಿಂದ ಅದರೊಳಗೆ ಇದ್ದದ್ದು ಖಾಲಿ ಮಾತ್ರೆಯ ಡಬ್ಬಿ. ಮಣ್ಣು ಹಾಕುವಾಗ ಅವನು ನಿಜಕ್ಕೂ ಅತ್ತ. ಮೊದಲು ನಗುತ್ತಿದ್ದವರು ಆಮೇಲೆ ತಾವೂ ಅತ್ತರು. ಒಬ್ಬಳು ಯಂತ್ರಕ್ಕೆ ಕೊಟ್ಟ ತನ್ನ ಎರಡು ಬೆರಳಿಗೆ, ಇನ್ನೊಬ್ಬಳು ಪೆಟ್ಟಿಗೆ ಹೊತ್ತು ಇಳಿದುಹೋದ ಬಸಿರಿಗೆ ಎಂದು ಅದೇ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿದರು. ಗುಂಡಿ ತುಂಬಿ ದಿಬ್ಬವಾಯಿತು.

ಹನ್ನೊಂದಕ್ಕೆ ರಾದಿಸಾವ್ ಸ್ಮಶಾನಕ್ಕೆ ಬಂದ. ಗುಡ್ಡದ ಮೇಲೆ ಹಣ್ಣು ಬಿಸಿಲಿಗೆ ಕರಗಿ ಸೋರುತ್ತಿತ್ತು, ಕಣಜಗಳು ಅದನ್ನು ಕುಡಿದು ಅಮಲೇರಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಮಣ್ಣು ಮುಗಿಯಿತಲ್ಲ, ನಡೆಯಿರಿ ಎಂದು ಅವನು ಮೊದಲು ಬೈದ, ಆಮೇಲೆ ಬೇಡಿಕೊಂಡ. ಯಾರೂ ಕದಲಲಿಲ್ಲ. ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ದೆಸಾಂಕಾ ಅವನ ಮುಂದೆ ಬಂದು ನಿಂತಳು. ಗೋರಿಯ ಹತ್ತಿರ ಬಂದವರು ಅದನ್ನು ಒಂದು ಚಮಚ ತಿನ್ನದೆ ಹೋಗುವಂತಿಲ್ಲ, ತಿಂದವರು ಸಾವನ್ನು ಒಪ್ಪಿದ ಹಾಗೆ.

"ತಗೋ ಧಣಿ. ಒಂದೇ ಚಮಚ. ನೀನು ನುಂಗು, ನಾವು ಹಣ್ಣಿಗೆ ಕೈ ಹಾಕ್ತೀವಿ."

ಅವನು ಗುಡ್ಡ ನೋಡಿದ, ಚಮಚ ನೋಡಿದ. ಬೆಳಿಗ್ಗೆ ಕೂಮ್ ಬೊರಿವೊಯ್ ಫೋನಿನಲ್ಲಿ ಅಂದದ್ದು ನೆನಪಾಯಿತು. ಧಣಿಯಾದ ನೀನೇ ಒಪ್ಪಿಬಿಟ್ಟೆ ಎಂದರೆ ಬಾಲ ಸತ್ತಿದೆ ಎಂದು ಬರೆಯದೆ ನನಗೆ ದಾರಿಯಿಲ್ಲ, ಅಂಗಳ ಮತ್ತು ರಾಸ್ಬೆರಿ ಸಮೇತ. ರಾದಿಸಾವ್ ಚಮಚ ತೆಗೆದು ಬಾಯಿಗಿಟ್ಟ. ಇಟ್ಟವನು ನುಂಗಲಿಲ್ಲ. ಗೋಧಿಯನ್ನು ಒಂದು ಕೆನ್ನೆಗೆ ತಳ್ಳಿ, ಹಲ್ಲುನೋವಿನವನ ಹಾಗೆ ಮುಖ ಊದಿಸಿಕೊಂಡು ನಿಂತ. ಹೆಂಗಸರು ಅವನ ಗಂಟಲನ್ನೇ ನೋಡುತ್ತ ನಿಂತರು. ಅರ್ಧ ಗಂಟೆಯಾಯಿತು. ಗುಡ್ಡದಿಂದ ಕೆಂಪು ರಸ ಕಾಲುವೆಯಾಗಿ ಇಳಿದು ಸ್ಮಶಾನದ ಬೇಲಿ ಮುಟ್ಟಿತು. ಅವನ ಗಂಟಲುಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದ ಹಾಗಾಯಿತು. ಆಗಲೇ ಅವನು ತಿರುಗಿ, ಊದಿದ ಕೆನ್ನೆಯಲ್ಲೇ ಕಾರು ಹತ್ತಿ ಹೊರಟುಹೋದ.

ತಾನು ನುಂಗಿಲ್ಲ, ಕಾರಿನ ಕಿಟಕಿಯಿಂದ ಉಗಿದೆ ಎಂದು ಈಗ ಹೇಳಿ ಕಳಿಸಿದ್ದಾನೆ. ನುಂಗಿದ್ದನ್ನು ಕಂಡೆ ಎಂದು ದೆಸಾಂಕಾ ಅನ್ನುತ್ತಾಳೆ. ನಾಳೆ ಒಂಬತ್ತಕ್ಕೆ ಕಮಿಷನ್ನಿನಲ್ಲಿ ಅದೇ ವಿಚಾರಣೆ. ಕೇರಿಯವರ ಸಾಕ್ಷಿ ನಡೆಯುವುದಿಲ್ಲವಂತೆ, ಹೊರಗಿನವರೊಬ್ಬರು ಬೇಕಂತೆ. ನೀವು ಇಷ್ಟು ಹೊತ್ತು ಇಲ್ಲಿ ಸ್ಮಶಾನದ ಬೇಲಿಗೆ ಒರಗಿ ನಿಂತು ಎಲ್ಲ ಕೇಳಿದಿರಿ. ತಟ್ಟೆಯಲ್ಲಿ ಇನ್ನೊಂದು ಚಮಚ ಗೋಧಿ ಉಳಿದಿದೆ, ನುಂಗಿದರೆ ನಾಳೆಯ ಸಾಕ್ಷಿ ನೀವೇ. ತಗೊಳ್ಳಿ. ಬರೀ ಗೋಧಿ, ಹೆದರುವಂಥದ್ದೇನಿಲ್ಲ. ಕೆನ್ನೆಗೆ ತಳ್ಳಬೇಡಿ. ಹಾಂ. ಈಗ ಬಾಯಿ ತೆರೆಯಿರಿ, ನೋಡೋಣ.